ಮೈದಾನದ ಉಡುಪು, ಮನೆಯ ಲೆಕ್ಕ



ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಬಂತೆಂದರೆ ಮೊದಲು ವಲಯ ಮಟ್ಟ, ಅಲ್ಲಿ ಗೆದ್ದವರಿಗೆ ತಾಲ್ಲೂಕು ಮಟ್ಟ, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಮಗು ಒಂದೊಂದೇ ಮೆಟ್ಟಿಲು ಏರಿದಂತೆ ಮನೆಯಲ್ಲಿ ಒಂದು ಬೇಡಿಕೆಯೂ ಏಳುತ್ತದೆ. ‘ಅಪ್ಪಾ, ಎಲ್ಲರ ಹತ್ರಾನೂ ಟ್ರ್ಯಾಕ್ ಸೂಟ್ ಇದೆ. ಅಮ್ಮಾ, ಈ ಶೂ ಹಾಕ್ಕೊಂಡು ಓಡೋಕೆ ಆಗಲ್ಲ.’ ಮಗಳು ಗೆದ್ದ ಹಿಗ್ಗು ಒಂದು ಕಡೆ, ಅಂಗಡಿಯ ಬೆಲೆಚೀಟಿ ಇನ್ನೊಂದು ಕಡೆ. ಹೆಸರಾಂತ ಕಂಪನಿಯ ಟೀ ಶರ್ಟ್ ಒಂದಕ್ಕೆ ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿ, ಟ್ರ್ಯಾಕ್ ಪ್ಯಾಂಟಿಗೂ ಹೆಚ್ಚುಕಡಿಮೆ ಅಷ್ಟೇ. ಓಟದ ಶೂ ಐದು ಸಾವಿರದಿಂದ ಹದಿನೈದು ಸಾವಿರ. ತಳದಲ್ಲಿ ಕಾರ್ಬನ್ ಪಟ್ಟಿ ಕೂರಿಸಿದ ಶೂ ಆದರೆ ಇಪ್ಪತ್ತು ಸಾವಿರವನ್ನೂ ದಾಟುತ್ತದೆ. ಕೂಲಿ ಮಾಡಿ ಸಂಸಾರ ತೂಗಿಸುವವರಿಗೆ ಇದು ತಿಂಗಳ ದುಡಿಮೆಯನ್ನೇ ನುಂಗುವ ಮೊತ್ತ.

ದೊಡ್ಡವರ ಪಾಡೂ ಬೇರೆಯಲ್ಲ. ‘ದಿನಾ ಅರ್ಧ ಗಂಟೆ ನಡೀರಿ, ಸಕ್ಕರೆ ಹತೋಟಿಗೆ ಬರುತ್ತೆ’ ಎಂದು ಡಾಕ್ಟರು ಹೇಳಿದ ಮರುದಿನವೇ ಹಲವರು ಮೊದಲು ಹೋಗುವುದು ಪಾರ್ಕಿಗಲ್ಲ, ಅಂಗಡಿಗೆ. ಅಲ್ಲಿನ ಬೆಲೆ ನೋಡಿ ‘ಮುಂದಿನ ತಿಂಗಳು ನೋಡೋಣ’ ಎಂದು ಹಿಂತಿರುಗುತ್ತಾರೆ. ನಡಿಗೆಯೂ ಮುಂದಿನ ತಿಂಗಳಿಗೆ ಹೋಗುತ್ತದೆ.

ಈ ಹೊತ್ತಿನ ನನ್ನ ಮಾತು ಇಷ್ಟೇ: ವ್ಯಾಯಾಮಕ್ಕೆ, ತಾಲೀಮಿಗೆ ಬೇಕಾದ ಉಡುಪನ್ನು ಇಂದು ಕಡಿಮೆ ಖರ್ಚಿನಲ್ಲಿ ಹೊಂದಿಸಿಕೊಳ್ಳಬಹುದು. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದನ್ನು ತಿಳಿದಿರಬೇಕು, ಅಷ್ಟೇ. ಬಟ್ಟೆ ಇಲ್ಲವೆಂಬ ಒಂದೇ ಕಾರಣಕ್ಕೆ ನಮ್ಮ ಒಂದು ಮಗುವೂ ಮೈದಾನದ ಅಂಚಿನಲ್ಲಿ ನಿಂತು ನೋಡುವಂತಾಗಬಾರದು.

ಮೊದಲು, ಬೆಲೆ ಇಷ್ಟು ಏಕೆ ಎಂಬ ಪ್ರಶ್ನೆ. ಬೆವರನ್ನು ಬೇಗ ಆರಿಸುವ ಬಟ್ಟೆಯಲ್ಲಿ ಏನೋ ಗುಟ್ಟಿನ ವಿದ್ಯೆ ಇದೆ, ಅದು ಎರಡೋ ಮೂರೋ ಕಂಪನಿಗಳ ಸ್ವತ್ತು ಎಂದು ಬಹಳ ಜನ ತಿಳಿದಿದ್ದಾರೆ. ನಿಜಸ್ಥಿತಿ ಹಾಗಿಲ್ಲ. ಈ ಬಟ್ಟೆಯ ಮೂಲವಸ್ತು ಪಾಲಿಯೆಸ್ಟರ್. ಇಂಗ್ಲೆಂಡಿನಲ್ಲಿ ಜಾನ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್ ಎಂಬ ಇಬ್ಬರು ರಸಾಯನತಜ್ಞರು 1941ರಲ್ಲೇ ಈ ನೂಲನ್ನು ಕಂಡುಹಿಡಿದರು. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಲೈಕ್ರಾ ನೂಲನ್ನು ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ್ದು 1958ರಲ್ಲಿ. ಆ ಮೂಲ ಪೇಟೆಂಟುಗಳ ಅವಧಿ ಮುಗಿದು ದಶಕಗಳೇ ಕಳೆದಿವೆ. ಇಂದು ಸೂರತ್ತಿನ ಮಗ್ಗಗಳು, ತಿರುಪ್ಪೂರಿನ ಹೆಣಿಗೆ ಯಂತ್ರಗಳು ಇದೇ ಜಾತಿಯ ಬಟ್ಟೆಯನ್ನು ಹಗಲೂ ರಾತ್ರಿ ತಯಾರಿಸುತ್ತಿವೆ. ಇನ್ನು ಹೊಲಿಗೆ? ವಿದೇಶದ ದೊಡ್ಡ ದೊಡ್ಡ ಹೆಸರುಗಳಿಗಾಗಿ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್‌ಗಳು ಬೆಂಗಳೂರಿನ ಪೀಣ್ಯದಲ್ಲಿವೆ, ಬೊಮ್ಮನಹಳ್ಳಿಯಲ್ಲಿವೆ, ದೊಡ್ಡಬಳ್ಳಾಪುರದಲ್ಲಿವೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ನಮ್ಮದೇ ಹಳ್ಳಿಗಳ ಹೆಣ್ಣುಮಕ್ಕಳು.

ಹಾಗಾದರೆ ಹಣ ಎಲ್ಲಿಗೆ ಹೋಗುತ್ತದೆ? ಯುರೋಪಿನ ಫೇರ್ ವೇರ್ ಫೌಂಡೇಷನ್ ಹಾಕಿದ ಒಂದು ಲೆಕ್ಕ ಪ್ರಸಿದ್ಧವಾಗಿದೆ. 29 ಯೂರೋಗೆ ಮಾರಾಟವಾಗುವ ಒಂದು ಟೀ ಶರ್ಟಿನ ಬೆಲೆಯಲ್ಲಿ ಶೇಕಡ 59ರಷ್ಟು ಚಿಲ್ಲರೆ ಮಾರಾಟದ ಪಾಲು. ಬಟ್ಟೆ ಮತ್ತಿತರ ಸಾಮಗ್ರಿಯ ಪಾಲು ಶೇಕಡ 12. ಬ್ರ್ಯಾಂಡಿನ ಲಾಭವೂ ಶೇಕಡ 12. ಹೊಲಿದ ಕೈಗೆ ಸೇರುವ ಕೂಲಿ 18 ಸೆಂಟ್, ಎಂದರೆ ಶೇಕಡ ಒಂದಕ್ಕಿಂತಲೂ ಕಡಿಮೆ. ಒಂದೊಂದು ಉಡುಪಿಗೆ ಈ ಲೆಕ್ಕ ತುಸು ಅತ್ತಿತ್ತ ಆಗಬಹುದು. ಆದರೆ ಇದು ಹೇಳುವ ಸತ್ಯ ಗಟ್ಟಿಯಾದದ್ದು. ನಾವು ಕೊಡುವ ದೊಡ್ಡ ಮೊತ್ತ ನೂಲಿಗಾಗಲಿ ಹೊಲಿಗೆಗಾಗಲಿ ಸೇರುತ್ತಿಲ್ಲ. ಅದು ಮಾಲ್‌ಗಳ ಬಾಡಿಗೆಗೆ, ಜಾಹೀರಾತಿಗೆ, ಎದೆಯ ಮೇಲಿನ ಗುರುತಿಗೆ ಹೋಗುತ್ತಿದೆ.

ಇದಕ್ಕೆ ನಮ್ಮ ಕಣ್ಣೆದುರೇ ಒಂದು ನಿದರ್ಶನವಿದೆ. 2023ರಲ್ಲಿ ಭಾರತ ಕ್ರಿಕೆಟ್ ತಂಡದ ಹೊಸ ಜರ್ಸಿ ಮಾರುಕಟ್ಟೆಗೆ ಬಂತು. ಆಟಗಾರರು ತೊಡುವಂಥದ್ದೇ ಬೇಕೆಂದರೆ 4,999 ರೂಪಾಯಿ, ಅದರ ಪ್ರತಿರೂಪಕ್ಕೆ 2,999, ಅಭಿಮಾನಿಗಳ ಅಂಗಿಗೆ 999. ಬಣ್ಣ ಒಂದೇ ನೀಲಿ, ಕಂಪನಿಯೂ ಒಂದೇ. ಬೆಳಿಗ್ಗೆ ಎದ್ದು ಓಡುವವರಿಗೆ, ಶಾಲೆಯ ಮೈದಾನದಲ್ಲಿ ಬೆವರು ಸುರಿಸುವ ಮಕ್ಕಳಿಗೆ ಐದು ಸಾವಿರದ ಅಂಗಿ ಕೊಡುವ ಅನುಕೂಲವನ್ನು ಮುನ್ನೂರು ರೂಪಾಯಿಯ ಹಗುರವಾದ ಪಾಲಿಯೆಸ್ಟರ್ ಅಂಗಿಯೂ ಬಹುಮಟ್ಟಿಗೆ ಕೊಡುತ್ತದೆ.

ತೆರಿಗೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದು ತಿಳಿದಿದ್ದರೆ ನೇರವಾಗಿ ಹಣ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಈಗ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇಕಡ 5, ಅದಕ್ಕೂ ಮೇಲಿನದಕ್ಕೆ ಶೇಕಡ 18. ಶೂಗಳಿಗೂ ಇದೇ ಗೆರೆ. ಹಿಂದೆ ಸಾವಿರ ರೂಪಾಯಿ ದಾಟಿದ ಶೂಗೆ ಶೇಕಡ 18ರಷ್ಟು ತೆರಿಗೆ ಇತ್ತು. ತೆರಿಗೆಗೆ ಮೊದಲು ಎರಡು ಸಾವಿರ ಬೆಲೆಯಿರುವ ಶೂ ಎಂದುಕೊಳ್ಳಿ. ಅದರ ಮೇಲೆ ಆಗ 360 ರೂಪಾಯಿ ತೆರಿಗೆ ಬೀಳುತ್ತಿತ್ತು, ಈಗ 100 ರೂಪಾಯಿ ಬೀಳುತ್ತದೆ. ಅದೇ ಮೂರು ಸಾವಿರದ ಜಾಕೆಟಿಗೆ ತೆರಿಗೆ ಶೇಕಡ 12ರಿಂದ 18ಕ್ಕೆ ಏರಿದೆ. 2,500ರ ಗೆರೆಯನ್ನು ನೆನಪಿಟ್ಟುಕೊಂಡು ಅಂಗಡಿಗೆ ಹೋಗಿ. ಅದರ ಕೆಳಗೆ ಕೊಂಡರೆ ತೆರಿಗೆಯಲ್ಲೇ ಎದ್ದುಕಾಣುವ ಉಳಿತಾಯ.

ಈಗ ಬಟ್ಟೆಯ ಗುಣ ನೋಡೋಣ. ದೇಹ ಬಿಸಿಯೇರಿದಾಗ ಬೆವರುತ್ತದೆ. ಬೆವರು ಆವಿಯಾಗಿ ಹಾರಿದಾಗ ಮೈ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ತಾಲೀಮಿನ ಉಡುಪು ಮಾಡಬೇಕಾದ ಮುಖ್ಯ ಕೆಲಸ ಎಂದರೆ ಈ ಆವಿಗೆ ಅಡ್ಡ ಬರದಿರುವುದು. ಹತ್ತಿಯ ನೂಲು ನೀರನ್ನು ತನ್ನೊಳಕ್ಕೇ ಎಳೆದುಕೊಳ್ಳುತ್ತದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಗಾಳಿಯ ತೇವದಿಂದಲೇ ಸುಮಾರು 8 ಗ್ರಾಂ ನೀರು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಮಿಗಿಂತ ಕಡಿಮೆ. ಅದಕ್ಕೇ ಹತ್ತಿ ಬನಿಯನ್ ಬೆವರಿನಲ್ಲಿ ನೆಂದು ಭಾರವಾಗಿ ಮೈಗೆ ಅಂಟುತ್ತದೆ. ಪಾಲಿಯೆಸ್ಟರಿನಲ್ಲಿ ಬೆವರು ಎಳೆಗಳ ಮೇಲ್ಮೈಯಲ್ಲಿ ಹರಡಿಕೊಂಡು ಬೇಗ ಆರುತ್ತದೆ.

ಹಾಗೆಂದು ಹತ್ತಿಯನ್ನು ಕೀಳಾಗಿ ಕಾಣಬೇಕಿಲ್ಲ. ಬೆಳಗಿನ ನಡಿಗೆಗೆ, ಯೋಗಾಸನಕ್ಕೆ, ಅರ್ಧ ಗಂಟೆಯ ಲಘು ವ್ಯಾಯಾಮಕ್ಕೆ ಮನೆಯಲ್ಲಿರುವ ಸಡಿಲವಾದ ಹತ್ತಿ ಅಂಗಿ ಧಾರಾಳವಾಗಿ ಸಾಕು. ಗಂಟೆಗಟ್ಟಲೆ ಓಡುವವರಿಗೆ, ಕಬಡ್ಡಿ, ಫುಟ್‌ಬಾಲ್ ಆಡುವವರಿಗೆ ಪಾಲಿಯೆಸ್ಟರ್ ಒಳ್ಳೆಯದು. ನಮ್ಮ ನಾಡಿನ ಹವೆಯನ್ನೂ ಗಮನಿಸಬೇಕು. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ತಾನಾಗಿಯೇ ಬೇಗ ಹಾರುತ್ತದೆ. ಅಲ್ಲಿ ಬೇಕಾದದ್ದು ತಿಳಿಬಣ್ಣದ, ಸಡಿಲವಾದ, ತೋಳು ಮುಚ್ಚುವ ಅಂಗಿ ಮತ್ತು ತಲೆಗೊಂದು ಟೋಪಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯೇ ತೇವದಿಂದ ತುಂಬಿರುವಾಗ ಎಷ್ಟು ದುಬಾರಿ ಬಟ್ಟೆಯೂ ಪವಾಡ ಮಾಡಲಾರದು. ಅಲ್ಲಿ ಜಾಲರಿ ಹೆಣಿಗೆಯ, ಗಾಳಿಯಾಡುವ, ತೋಳಿಲ್ಲದ ಅಂಗಿ ಹಿತ. ತಾಲೀಮನ್ನು ಮುಂಜಾನೆಗೆ ಇಟ್ಟುಕೊಳ್ಳುವುದು ಇನ್ನೂ ಹಿತ. ಆ ಹಿತಕ್ಕೆ ಕಾಸು ಖರ್ಚಿಲ್ಲ.

ಅಂಗಡಿಯಲ್ಲಿ ಬಟ್ಟೆ ಪರೀಕ್ಷಿಸಲು ಗುರುತಿನ ಚಿತ್ರ ನೋಡಬೇಕಾಗಿಲ್ಲ, ಒಳಗಿನ ಚೀಟಿ ಓದಿ. ನೂರಕ್ಕೆ ನೂರು ಪಾಲಿಯೆಸ್ಟರ್, ಇಲ್ಲವೇ ಪಾಲಿಯೆಸ್ಟರಿನ ಜೊತೆ ಸ್ವಲ್ಪ ಎಲಾಸ್ಟೇನ್ ಎಂದಿದ್ದರೆ ಸರಿ. ಎಲಾಸ್ಟೇನ್ ಎಂದರೆ ಲೈಕ್ರಾ ಜಾತಿಯ ನೂಲು. ಬಟ್ಟೆಯ ತೂಕವನ್ನು ಜಿಎಸ್‌ಎಂ ಎಂದು ಅಳೆಯುತ್ತಾರೆ, ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಓಟದ ಅಂಗಿಗೆ 120ರಿಂದ 160 ಜಿಎಸ್‌ಎಂ ಹಿತವಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಸಣ್ಣ ರಂಧ್ರಗಳಿದ್ದರೆ ಗಾಳಿಯಾಡುತ್ತದೆ. ಬಾಯಿಂದ ಊದಿದರೆ ಉಸಿರು ಆಚೆ ಬದಿಗೆ ತಾಗಬೇಕು. ಹೊಲಿಗೆಯನ್ನು ಒಳಮೈಯಿಂದ ಸವರಿ ನೋಡಿ. ಕಂಕುಳ, ತೊಡೆಯ ಸಂದಿನಲ್ಲಿ ದಪ್ಪ ಹೊಲಿಗೆ ಗಂಟಾಗಿ ನಿಂತಿದ್ದರೆ ಅದು ಮೈ ತರಚುತ್ತದೆ. ತೊಡೆ ತರಚಿಕೊಳ್ಳುವವರು ಓಡುವ ಮುನ್ನ ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಂಡರೆ ಆಯಿತು. ಮೈಗೆ ಬಿಗಿಯಾಗಿ ಅಂಟುವ ಕಂಪ್ರೆಷನ್ ಉಡುಪು ತೊಟ್ಟರೆ ವೇಗ ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ. ತೊಟ್ಟರೆ ಹಿತವೆನಿಸುವವರು ತೊಡಲಿ, ಆದರೆ ಅದಕ್ಕಾಗಿ ಯಾರೂ ಸಾಲ ಮಾಡುವುದು ಬೇಡ.

ಇಷ್ಟು ಹೊತ್ತು ಉಳಿಸುವ ಮಾತಾಯಿತು. ಇನ್ನು ಉಳಿಸಬಾರದ ಜಾಗಗಳು. ಅವು ಎರಡು. ಒಂದು ಪಾದ, ಇನ್ನೊಂದು ಹೆಣ್ಣುಮಕ್ಕಳ ಎದೆಯ ಆಧಾರ.

ಮೊದಲು ಪಾದ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಹೆಪ್ಟಥ್ಲಾನ್ ಚಿನ್ನ ಗೆದ್ದ ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್ ಅವರ ಎರಡೂ ಪಾದಗಳಲ್ಲಿ ಆರಾರು ಬೆರಳು. ಮಾಮೂಲಿ ಶೂಗಳು ಕಾಲನ್ನು ಹಿಂಡುತ್ತಿದ್ದವು. ಆ ನೋವಿನಲ್ಲೇ ಅವರು ಅಭ್ಯಾಸ ಮಾಡಿದರು. ಅವರ ಕಾಲಿಗೆ ಹೊಂದುವ ಶೂ ಸಿದ್ಧವಾದದ್ದು ಚಿನ್ನ ಗೆದ್ದು ದೇಶಕ್ಕೆಲ್ಲ ಹೆಸರಾದ ಮೇಲೆ. ಕಾಲಿಗೆ ಹೊಂದದ ಶೂ ಎಷ್ಟು ಕಷ್ಟ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಹೊಂದುವ ಶೂ ಎಂದರೆ ದುಬಾರಿ ಶೂ ಎಂದೇ ಅಲ್ಲ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು ಮೂರು ಕಂಪನಿಗಳ ಓಟದ ಶೂಗಳನ್ನು ಮೂರು ಬೆಲೆಗಳಲ್ಲಿ ಆರಿಸಿಕೊಂಡು ಪಾದದ ಮೇಲೆ ಬೀಳುವ ಒತ್ತಡವನ್ನೂ ಹಿತವನ್ನೂ ಅಳೆದರು. ಅಗ್ಗದ ಮತ್ತು ನಡುಬೆಲೆಯ ಶೂಗಳು ದುಬಾರಿ ಶೂಗಳಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಹೀಗಾಗಿ ಶೂ ಕೊಳ್ಳುವಾಗ ಬೆಲೆಗಿಂತ ಅಳತೆಗೆ ಹೆಚ್ಚು ಗಮನ ಕೊಡಿ. ಪಾದ ತುಸು ಊದಿರುವ ಸಂಜೆಯ ಹೊತ್ತಿನಲ್ಲಿ ಅಂಗಡಿಗೆ ಹೋಗಿ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಶೂ ತೊಟ್ಟು, ಎದ್ದು ನಿಂತು, ನಾಲ್ಕು ಹೆಜ್ಜೆ ಓಡಿ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಹಿಮ್ಮಡಿ ಜಾರಬಾರದು.

ಓಟದ ಶೂಗೆ ಒಂದು ಆಯಸ್ಸಿದೆ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ವಾರಕ್ಕೆ 25 ಕಿಲೋಮೀಟರ್ ಓಡುವವರಿಗೆ ಐದರಿಂದ ಏಳು ತಿಂಗಳು ಬರುತ್ತದೆ. ಅದೇ ಶೂ ಹಾಕಿಕೊಂಡು ಪೇಟೆಗೆ, ಮದುವೆಗೆ, ಬಸ್‌ಸ್ಟ್ಯಾಂಡಿಗೆ ತಿರುಗಿದರೆ ಇನ್ನೂ ಬೇಗ ಸವೆಯುತ್ತದೆ. ಓಟದ ಶೂ ಓಟಕ್ಕೆ ಮಾತ್ರ ಎಂದು ಮಕ್ಕಳಿಗೆ ಕಲಿಸಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುವ ಉಚಿತ ಕಪ್ಪು ಶೂ ತರಗತಿಗೆ ಹೇಳಿಮಾಡಿಸಿದ್ದು. ಅದರಲ್ಲಿ ದೂರದ ಓಟದ ಅಭ್ಯಾಸ ಮಾಡಿಸಬಾರದು. ಹೊಸ ಮಾದರಿ ಬಂದಾಗ ಕಳೆದ ವರ್ಷದ ಮಾದರಿಯ ಬೆಲೆ ಇಳಿಯುತ್ತದೆ, ಆಗ ಕೊಂಡುಕೊಳ್ಳಿ. ಸಂತೆಯಲ್ಲಿ, ಬೀದಿಬದಿಯಲ್ಲಿ ‘ಫಸ್ಟ್ ಕಾಪಿ’ ಎಂದು ಮಾರುವ ನಕಲಿ ಶೂ ಕೊಳ್ಳಬೇಡಿ. ಅದರಲ್ಲಿ ನಾವು ಹಣ ಕೊಡುವುದು ಮತ್ತೊಬ್ಬರ ಗುರುತಿಗೆ. ಕಾಲಿನ ಕೆಳಗಿನ ಮೆತ್ತೆ ಹೇಗಿದೆ ಎಂದು ಯಾರೂ ಹೊಣೆ ಹೊತ್ತಿರುವುದಿಲ್ಲ. ಅದೇ ಹಣಕ್ಕೆ ಸ್ವಂತ ಹೆಸರಿನಲ್ಲಿ ಶೂ ಮಾಡುವ ಭಾರತೀಯ ಕಂಪನಿಗಳಿವೆ. ದೇಶವಿಭಜನೆಯ ಕಾಲದಲ್ಲಿ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳು ಪಂಜಾಬಿನ ಜಲಂಧರಿನಲ್ಲಿ ಕ್ರೀಡಾ ಸಾಮಗ್ರಿಯ ಉದ್ಯಮವನ್ನು ಬೆಳೆಸಿದರು. ಅಲ್ಲಿಂದ ಬರುವ ಶೂ, ಚೆಂಡು, ಜರ್ಸಿಗಳು ನಮ್ಮ ತಾಲ್ಲೂಕು ಕೇಂದ್ರಗಳ ಸ್ಪೋರ್ಟ್ಸ್ ಅಂಗಡಿಗಳಲ್ಲೂ ಸಿಗುತ್ತವೆ.

ಎರಡನೆಯದು ಹೆಣ್ಣುಮಕ್ಕಳ ವಿಷಯ. ಬಾನುಲಿಯಲ್ಲಿ ಇದನ್ನು ಸಂಕೋಚವಿಲ್ಲದೆ ಹೇಳಬೇಕು ಎಂದೇ ನಾನು ನಿರ್ಧರಿಸಿದ್ದೇನೆ. ಏಳನೆಯ ತರಗತಿಯವರೆಗೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗಿ ಎಂಟು, ಒಂಬತ್ತಕ್ಕೆ ಬಂದಾಗ ಆಟವನ್ನೇ ಬಿಡುವುದನ್ನು ದೈಹಿಕ ಶಿಕ್ಷಕರೆಲ್ಲ ಕಂಡಿರುತ್ತಾರೆ. ಕಾರಣಗಳು ಹಲವು. ಬೆಳೆಯುತ್ತಿರುವ ದೇಹಕ್ಕೆ ತಕ್ಕ ಒಳ ಉಡುಪು ಇಲ್ಲದಿರುವುದು, ಓಡುವಾಗ ಆಗುವ ನೋವು, ನೋಡುವ ಕಣ್ಣುಗಳ ಬಗ್ಗೆ ಮುಜುಗರ, ಇವೂ ಅವುಗಳಲ್ಲಿ ಸೇರಿವೆ. ಸ್ಪೋರ್ಟ್ಸ್ ಬ್ರಾ ಎಂಬ ಉಡುಪು ಹುಟ್ಟಿದ್ದು ಇದೇ ತೊಂದರೆಯಿಂದ. 1977ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಲಿಸಾ ಲಿಂಡಾಲ್ ಎಂಬ ಓಟಗಾರ್ತಿ, ಪಾಲಿ ಸ್ಮಿತ್, ಹಿಂದಾ ಮಿಲ್ಲರ್ ಎಂಬ ಗೆಳತಿಯರ ಜೊತೆ ಕೂತು, ಗಂಡಸರು ಆಟದಲ್ಲಿ ತೊಡುವ ಎರಡು ಸಪೋರ್ಟರ್‌ಗಳನ್ನು ಜೋಡಿಸಿ ಹೊಲಿದು ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಅಂಗಡಿಯಲ್ಲಿ ಇಲ್ಲದ್ದನ್ನು ಸೂಜಿದಾರ ಹಿಡಿದು ತಾವೇ ಮಾಡಿಕೊಂಡರು. ಇಂದು ಆ ಉಡುಪು ಎಲ್ಲ ಬೆಲೆಗಳಲ್ಲೂ ಸಿಗುತ್ತದೆ, ನಾಲ್ಕೈದು ನೂರು ರೂಪಾಯಿಗೂ ಒಳ್ಳೆಯದು ದೊರೆಯುತ್ತದೆ. ಎದೆಯ ಕೆಳಗಿನ ಪಟ್ಟಿ ಬಿಗಿಯಾಗಿದ್ದರೂ ಎರಡು ಬೆರಳು ತೂರುವಂತಿರಬೇಕು. ಭುಜದ ಪಟ್ಟಿ ಅಗಲವಾಗಿರಬೇಕು. ತೊಟ್ಟು ನಿಂತಲ್ಲೇ ಜಿಗಿದರೆ ಅಲುಗಾಟ ಕಡಿಮೆಯಿರಬೇಕು, ಉಸಿರಿಗೆ ತಡೆಯಾಗಬಾರದು. ತಾಯಂದಿರೇ, ಮಗಳು ಬಾಯಿಬಿಟ್ಟು ಕೇಳಲಿ ಎಂದು ಕಾಯಬೇಡಿ. ಮೈದಾನಕ್ಕೆ ಕಳಿಸುವ ಹುಡುಗಿಗೆ ಇದನ್ನು ಮೊದಲು ಕೊಡಿಸಿ, ಟ್ರ್ಯಾಕ್ ಸೂಟ್ ಆಮೇಲೆ ಬರಲಿ. ಚಡ್ಡಿ ತೊಡಲು ಅವಳಿಗೆ ಮುಜುಗರವಾದರೆ ಮೊಣಕಾಲು ಮುಚ್ಚುವ ಟೈಟ್ಸ್ ಅಥವಾ ಟ್ರ್ಯಾಕ್ ಪ್ಯಾಂಟಿನಲ್ಲೇ ಅಭ್ಯಾಸ ಮಾಡಲಿ. ಉಡುಪಿನ ನಿಯಮ ಹುಡುಗಿಯನ್ನು ಆಟದಿಂದ ಹೊರಗಿಡಬಾರದು.

ಪಾದ, ಎದೆ ಈ ಎರಡಕ್ಕೆ ಹಣ ತೆಗೆದಿಟ್ಟ ಮೇಲೆ ಉಳಿದದ್ದನ್ನೆಲ್ಲ ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕದಲ್ಲಿ ಹೊಂದಿಸಬಹುದು. ಅದಕ್ಕೆ ದಾರಿಗಳಿವೆ.

ಒಂದು, ಎಕ್ಸ್‌ಪೋರ್ಟ್ ಸರ್‌ಪ್ಲಸ್. ವಿದೇಶಕ್ಕೆಂದು ಹೊಲಿದು ಮಿಕ್ಕಿದ ಬಟ್ಟೆ, ಸಣ್ಣಪುಟ್ಟ ಕುಂದಿಗಾಗಿ ಹಿಂದುಳಿದ ಬಟ್ಟೆ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಅಗ್ಗದಲ್ಲಿ ಸಿಗುತ್ತದೆ. ಹೊಲಿಗೆ ಬಿಟ್ಟಿದೆಯೇ, ಜಿಪ್ ಸರಿಯಿದೆಯೇ ಎಂದು ನೋಡಿ ಆರಿಸಿಕೊಂಡರೆ ಒಳ್ಳೆಯ ಮಾಲು ಕೈಗೆ ಬರುತ್ತದೆ.

ಎರಡು, ತಂಡವಾಗಿ ಕೊಳ್ಳುವುದು. ಜರ್ಸಿಗೆ ಹೆಸರು, ಸಂಖ್ಯೆ ಹಾಕಿಕೊಡುವ ಮುದ್ರಣದವರು ಈಗ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇದ್ದಾರೆ. ಸಬ್ಲಿಮೇಷನ್ ಎಂಬ ಪದ್ಧತಿಯಲ್ಲಿ ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಇಳಿಯುತ್ತದೆ. ಆದ್ದರಿಂದ ಎಷ್ಟು ಒಗೆದರೂ ಅಕ್ಷರ ಸುಲಿದು ಬರುವುದಿಲ್ಲ. ಇಪ್ಪತ್ತು ಮೂವತ್ತು ಅಂಗಿಗಳನ್ನು ಒಟ್ಟಿಗೆ ಮಾಡಿಸಿದರೆ ಒಂದೊಂದಕ್ಕೆ ಬೀಳುವ ಖರ್ಚು ಕಡಿಮೆ. ಊರಿನ ಯುವಕ ಸಂಘ, ಶಾಲೆಯ ತಂಡ, ನಡಿಗೆಯ ಬಳಗ ಯಾವುದೇ ಆಗಲಿ, ಬಿಡಿಬಿಡಿಯಾಗಿ ಕೊಳ್ಳುವ ಬದಲು ಸೇರಿ ಮಾಡಿಸಿ.

ಮೂರು, ಊರಲ್ಲೇ ಹೊಲಿಸುವುದು. ಹೆಣಿಗೆ ಬಟ್ಟೆ ಸಗಟಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. 160 ಜಿಎಸ್‌ಎಂ ಬಟ್ಟೆ ಒಂದು ಕಿಲೋ ಎಂದರೆ ಆರು ಚದರ ಮೀಟರಿಗೂ ಹೆಚ್ಚು. ನಾಲ್ಕೈದು ಅಂಗಿಗೆ ಸಾಕು. ಓವರ್‌ಲಾಕ್ ಯಂತ್ರ ಮತ್ತು ಹೆಣಿಗೆ ಬಟ್ಟೆಗೆಂದೇ ಇರುವ ದುಂಡುತುದಿಯ ಸೂಜಿ ಇದ್ದರೆ ನಮ್ಮ ಹಳ್ಳಿಗಳ ಟೈಲರ್ ಅಕ್ಕಂದಿರು ಅಂಗಿ, ಚಡ್ಡಿ, ಟ್ರ್ಯಾಕ್ ಪ್ಯಾಂಟ್ ಎಲ್ಲವನ್ನೂ ಹೊಲಿಯಬಲ್ಲರು. ಗಾರ್ಮೆಂಟ್ಸ್‌ನಲ್ಲಿ ದುಡಿದು ಊರಿಗೆ ಮರಳಿದ ಹೆಣ್ಣುಮಕ್ಕಳ ಕೈಯಲ್ಲಿ ಈ ಕಸುಬು ಈಗಾಗಲೇ ಇದೆ. ಸ್ವಸಹಾಯ ಸಂಘಗಳು ಇದನ್ನು ಕೈಗೆತ್ತಿಕೊಂಡು ಸುತ್ತಲಿನ ಹತ್ತು ಶಾಲೆಗಳ ಕ್ರೀಡಾ ಉಡುಪನ್ನು ಹೊಲಿದುಕೊಟ್ಟರೆ, ಮಕ್ಕಳಿಗೆ ಬಟ್ಟೆ ಅಗ್ಗವಾಗುತ್ತದೆ, ಹೊಲಿದವರಿಗೆ ನ್ಯಾಯವಾದ ಕೂಲಿ ಸಿಗುತ್ತದೆ. ಉಡುಪು ಅಗ್ಗವಾಗಬೇಕು ಎನ್ನುವಾಗ ಹೊಲಿಯುವ ಕೈಯ ಕೂಲಿ ಕತ್ತರಿಸುವ ಮಾತು ನಮ್ಮಿಂದ ಬರಬಾರದು. ಆ ಕೂಲಿ ಎಷ್ಟು ಚಿಕ್ಕ ಪಾಲು ಎಂಬುದನ್ನು ಆಗಲೇ ಕೇಳಿದಿರಿ.

ನಾಲ್ಕು, ಇದ್ದವರು ಕೊಡುವುದು. ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ ಈಗ ಓಟದ ಸ್ಪರ್ಧೆಗಳು ಮೇಲಿಂದ ಮೇಲೆ ನಡೆಯುತ್ತವೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವೇ 2008ರಿಂದ ನಡೆದುಬಂದಿದೆ. ಇಂಥ ಓಟಗಳಲ್ಲಿ ಪಾಲ್ಗೊಂಡವರಿಗೆ ಒಂದು ಟೀ ಶರ್ಟ್ ಸಿಗುವುದು ವಾಡಿಕೆ. ಎಷ್ಟೋ ಮನೆಗಳ ಬೀರುವಿನಲ್ಲಿ ಒಮ್ಮೆ ತೊಟ್ಟ, ಇಲ್ಲವೇ ತೊಡದೇ ಇರುವ ಅಂಗಿಗಳು ಮಡಚಿಟ್ಟಂತೆಯೇ ಇವೆ. ಅವು ತಾಲೀಮಿಗೆಂದೇ ಹೊಲಿದ ಒಳ್ಳೆಯ ಅಂಗಿಗಳು. ನಿಮ್ಮ ಹುಟ್ಟೂರಿನ ಸರ್ಕಾರಿ ಪ್ರೌಢಶಾಲೆಗೆ ಒಂದು ಚೀಲ ತುಂಬಿ ಕೊಟ್ಟುಬನ್ನಿ. ಒಗೆದು, ಮಡಚಿ, ಅಳತೆ ಬರೆದು ಕೊಡಿ. ಪಡೆಯುವ ಮಗುವಿಗೆ ತಾನು ಹಳೆಬಟ್ಟೆ ತೊಡುತ್ತಿದ್ದೇನೆ ಎನ್ನಿಸದಿರಲಿ. ಶೂ ಕೊಡುವುದಾದರೆ ತಳ ಸವೆಯದ್ದನ್ನು ಮಾತ್ರ ಕೊಡಿ.

ಇನ್ನು ಬಾಳಿಕೆ. ಇದ್ದ ಬಟ್ಟೆ ಎರಡು ವರ್ಷದ ಬದಲು ನಾಲ್ಕು ವರ್ಷ ಬಂದರೆ ಅದರ ಬೆಲೆ ಅರ್ಧವಾದ ಹಾಗೇ. ಪಾಲಿಯೆಸ್ಟರಿಗೆ ಒಂದು ಕೆಟ್ಟ ಗುಣವಿದೆ, ಅದು ವಾಸನೆ ಹಿಡಿಯುತ್ತದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ ಅಂಗಿಗಳನ್ನು ಹೋಲಿಸಿ, ವ್ಯಾಯಾಮದ ನಂತರ ಪಾಲಿಯೆಸ್ಟರಿನಲ್ಲೇ ದುರ್ವಾಸನೆ ಹೆಚ್ಚು, ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳು ಅದರ ಮೇಲೆ ಹೆಚ್ಚು ಬೆಳೆಯುತ್ತವೆ ಎಂದು ತೋರಿಸಿದರು. ಆದ್ದರಿಂದ ಬೆವರಿದ ಅಂಗಿಯನ್ನು ಚೀಲದಲ್ಲಿ ಮುದ್ದೆ ಮಾಡಿ ಇಡಬೇಡಿ. ಮನೆಗೆ ಬಂದೊಡನೆ ತಣ್ಣೀರಿನಲ್ಲಿ ಜಾಲಿಸಿ ಹರವಿ. ಒಗೆಯುವಾಗ ಒಳಮೈ ಹೊರಗೆ ಮಾಡಿ. ಸೋಪಿನ ಪುಡಿ ಕಡಿಮೆ ಹಾಕಿ. ಬಟ್ಟೆ ಮೃದುವಾಗಲೆಂದು ಕೊನೆಯಲ್ಲಿ ಹಾಕುವ ಸುವಾಸನೆಯ ದ್ರವ ಬೇಡವೇ ಬೇಡ. ಅದು ಎಳೆಗಳ ಮೇಲೆ ಪದರವಾಗಿ ಕೂತು ಬೆವರು ಹರಡುವುದನ್ನು ತಡೆಯುತ್ತದೆ. ಲೈಕ್ರಾ ಇರುವ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿಯಬೇಡಿ, ಹಿಂಡಿ ತಿರುಚಬೇಡಿ, ಸುಡುಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ ಗಾಳಿಗೆ ಒಣಗಿಸಿ. ಇಸ್ತ್ರಿಯ ಅಗತ್ಯವೇ ಇಲ್ಲ. ಈಜುವವರು ಕೊಳದಿಂದ ಎದ್ದ ಕೂಡಲೇ ಈಜುಡುಪನ್ನು ಒಳ್ಳೆಯ ನೀರಿನಲ್ಲಿ ತೊಳೆಯಿರಿ, ಏಕೆಂದರೆ ಕ್ಲೋರಿನ್ ಲೈಕ್ರಾ ಎಳೆಯನ್ನು ತಿನ್ನುತ್ತದೆ.

ಈಜಿನ ಮಾತು ಬಂದದ್ದರಿಂದ ಒಂದು ದೊಡ್ಡ ಸಂಗತಿ ಹೇಳಬೇಕು. 2009ರಲ್ಲಿ ರೋಮ್ ನಗರದ ವಿಶ್ವ ಈಜು ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದುಬಿದ್ದವು. ಕಾರಣ, ಪಾಲಿಯುರಿಥೇನ್ ಬಳಸಿ ಮಾಡಿದ, ಮೈಯೆಲ್ಲ ಮುಚ್ಚುವ ದುಬಾರಿ ಈಜುಡುಪುಗಳು. ಅಂತರರಾಷ್ಟ್ರೀಯ ಈಜು ಸಂಸ್ಥೆ ಎಚ್ಚೆತ್ತು 2010ರ ಆರಂಭದಿಂದಲೇ ಅವನ್ನು ನಿಷೇಧಿಸಿತು. ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ, ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ, ಅದೂ ನೇಯ್ಗೆಯ ಬಟ್ಟೆಯೇ ಇರಬೇಕು ಎಂದು ನಿಯಮ ಮಾಡಿತು. ಓಟದಲ್ಲೂ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂ ತಳ 40 ಮಿಲಿಮೀಟರಿಗಿಂತ ದಪ್ಪ ಇರಬಾರದೆಂದು ಮಿತಿ ಹಾಕಿತು. ಗೆಲುವು ಆಟಗಾರರದ್ದಾಗಿರಬೇಕು, ಉಡುಪಿನದ್ದಾಗಬಾರದು ಎಂಬ ತತ್ವವನ್ನು ಜಗತ್ತಿನ ಉನ್ನತ ಸಂಸ್ಥೆಗಳೇ ಒಪ್ಪಿಕೊಂಡಿವೆ. ನಮ್ಮ ವಲಯ ಮಟ್ಟದ ಕ್ರೀಡಾಕೂಟಕ್ಕೆ ಆ ತತ್ವ ಇನ್ನೂ ಹೆಚ್ಚು ಸಲ್ಲಬೇಕು.

ಅಸ್ಸಾಮಿನ ಧಿಂಗ್ ಎಂಬ ಊರಿನ ಭತ್ತದ ಬೇಸಾಯಗಾರರ ಮಗಳು ಹಿಮಾ ದಾಸ್ 2018ರ ಜುಲೈನಲ್ಲಿ ಫಿನ್‌ಲ್ಯಾಂಡಿನ ತಾಂಪೆರೆ ನಗರದಲ್ಲಿ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನ 400 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಆರಂಭದ ದಿನಗಳಲ್ಲಿ ತಮ್ಮ ಸಾಧಾರಣ ಶೂ ಮೇಲೆ ಪ್ರಸಿದ್ಧ ಕಂಪನಿಯೊಂದರ ಹೆಸರನ್ನು ತಾವೇ ಪೆನ್ನಿನಿಂದ ಬರೆದುಕೊಂಡಿದ್ದನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಕೆಲವೇ ವರ್ಷಗಳಲ್ಲಿ ಅದೇ ಕಂಪನಿ ಅವರ ಹೆಸರನ್ನು ಶೂ ಮೇಲೆ ಮುದ್ರಿಸಿತು. ಆ ಹುಡುಗಿಯ ಆಸೆಯನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಮಕ್ಕಳಿಗೆ ಹೆಸರಿನ ಮೋಹ ಇರುವುದು ಸಹಜ, ಅದಕ್ಕಾಗಿ ಅವರನ್ನು ಗದರಬಾರದು. ಆದರೆ ಹಿಮಾ ಅವರನ್ನು ಮುಂದೆ ಓಡಿಸಿದ್ದು ಬರೆದುಕೊಂಡ ಹೆಸರಲ್ಲ. ಕೆಸರು ಗದ್ದೆಯಿಂದ ಹಿಡಿದು ತರಬೇತಿ ಶಿಬಿರದವರೆಗೆ ಅವರು ಮಾಡಿದ ಅಭ್ಯಾಸ. ಆ ಮಾತನ್ನು ಮಕ್ಕಳಿಗೆ ಪ್ರೀತಿಯಿಂದ ತಿಳಿಸಬೇಕು. ಮೈಸೂರಿನ ಗರಡಿಮನೆಗಳಲ್ಲಿ ಒಂದು ಲಂಗೋಟಿ, ಒಂದು ಮಟ್ಟಿ ಇಷ್ಟನ್ನೇ ನಂಬಿ ಪೈಲ್ವಾನರು ತಯಾರಾದ ನಾಡು ನಮ್ಮದು.

ಕೊನೆಯದಾಗಿ ಒಂದು ಕೋರಿಕೆ. ಪ್ರತಿ ಪ್ರೌಢಶಾಲೆಯೂ ಒಂದು ಕ್ರೀಡಾ ಉಡುಪಿನ ಬೀರುವನ್ನು ಇಟ್ಟುಕೊಳ್ಳಲಿ. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವಂತೆಯೇ ಅಂಗಿ, ಟ್ರ್ಯಾಕ್ ಪ್ಯಾಂಟ್, ಸ್ಪೈಕ್ಸ್‌ಗಳನ್ನು ಅಳತೆವಾರು ಜೋಡಿಸಿ, ಪುಸ್ತಕದಲ್ಲಿ ಬರೆದು, ಕ್ರೀಡಾಕೂಟಕ್ಕೆ ಹೋಗುವ ಮಕ್ಕಳಿಗೆ ಕೊಡಲಿ, ವಾಪಸು ಪಡೆಯಲಿ. ಒಂದೇ ಜೊತೆ ಸ್ಪೈಕ್ಸ್ ನಾಲ್ಕು ವರ್ಷ ನಾಲ್ಕು ಮಕ್ಕಳ ಕಾಲಿಗೆ ಆಗುತ್ತದೆ. ಶಾಲಾಭಿವೃದ್ಧಿ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ, ಗ್ರಾಮ ಪಂಚಾಯಿತಿ ಸೇರಿದರೆ ಇದು ಕಷ್ಟದ ಕೆಲಸವಲ್ಲ. ಹೆಣ್ಣುಮಕ್ಕಳ ಒಳ ಉಡುಪನ್ನು ಮಾತ್ರ ಹೊಸದಾಗಿಯೇ, ಅವರ ಸ್ವಂತಕ್ಕೇ ಕೊಡಬೇಕು. ಅದನ್ನು ಶಿಕ್ಷಕಿಯೊಬ್ಬರ ಕೈಯಿಂದ ಕೊಡಿಸಬೇಕು. ಈ ಮಾತು ಕೇಳುತ್ತಿರುವ ದೈಹಿಕ ಶಿಕ್ಷಕರೇ, ಮುಂದಿನ ಕ್ರೀಡಾಕೂಟದ ಹೆಸರುಪಟ್ಟಿ ಬರೆಯುವ ಮೊದಲು ಯಾವ ಮಗುವಿಗೆ ಏನಿಲ್ಲ ಎಂಬ ಇನ್ನೊಂದು ಪಟ್ಟಿ ಬರೆಯಿರಿ. ಊರಿನ ಹಿರಿಯರೇ, ಆ ಪಟ್ಟಿ ನಿಮ್ಮ ಮುಂದೆ ಬಂದಾಗ ನಿಮ್ಮ ಕೈಲಾದ ಒಂದು ಸಾಲನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.